ಹೊಸ ಲ್ಯಾಪ್‌ಟಾಪ್ ಮುಚ್ಚಳಕ್ಕ ನೆಗ್ಗು, ಗೀರು: ರಿಪೇರಿ ಮಾಡಿಸಬೇಕೋ, ಹಂಗ ಬಿಡಬೇಕೋ?

ಘಟಪ್ರಭಾ_ದಂಡಿ, ಬಾಗಲಕೋಟೆ

ತಂಗಿ ಎಂಜಿನಿಯರಿಂಗ್ ಓದಾಕತ್ತಾಳ. ಆಕಿಗೆ ತಗೊಂಡ ಹೊಸ ಲ್ಯಾಪ್‌ಟಾಪ್ ಬ್ಯಾಗ್ ಸಮೇತ ಬಸ್ಸಿನ ರ‍್ಯಾಕ್ ಮ್ಯಾಲಿಂದ ಕೆಳಗ ಬಿದ್ದೈತಿ. 14 ಇಂಚಿಂದು, ಮುಚ್ಚಳ ಕಡುನೀಲಿ ಅಲ್ಯೂಮಿನಿಯಂ, ಉಳಿದ ಬಾಡಿ ಪ್ಲಾಸ್ಟಿಕ್. ಮುಚ್ಚಳದ ಬಲಗಡೆ ಹಿಂದಿನ ಮೂಲಿ, ಹಿಂಜ್ (ಮುಚ್ಚಳ ತಿರುಗೋ ಕೀಲು) ಹತ್ರ, ಸುಮಾರು 3 ಮಿ.ಮೀ. ನೆಗ್ಗೈತಿ. ಅಲ್ಲಿಂದ 4 ಸೆಂ.ಮೀ. ಉದ್ದ ಬೆಳ್ಳಗೆ ಗೀರು ಬಿದ್ದೈತಿ. ಕೈ ಇಡೋ ಜಾಗದಾಗೂ ಒಂದು ಕರೇ ಉಜ್ಜಿದ ಗುರುತು ಐತಿ. ಆನ್ ಆಗ್ತೈತಿ, ಎಲ್ಲಾ ನಡೀತೈತಿ.

ಇಲ್ಲಿ ಒಬ್ಬರು ಪುಟ್ಟಿ ಹಚ್ಚಿ ಸ್ಪ್ರೇ ಹೊಡೀತೀವಿ ಅಂತಾರ, ಇನ್ನೊಬ್ಬರು ಮುಚ್ಚಳಾನ ಬದಲಿಸ್ರಿ ಅಂತಾರ. ಆ್ಯಕ್ಸಿಡೆಂಟಲ್ ಡ್ಯಾಮೇಜ್ ಪ್ಲ್ಯಾನ್ ಒಂದು ವರ್ಷದ್ದು ಐತಿ. ಆಕಿ ಇದನ್ನ ನಾಲ್ಕು ವರ್ಷ ಬಳಸಬೇಕು. ಏನ್ ಮಾಡೋದು ಛಲೋ?

ಕುಂದಾನಗರಿ_ಬೆಂಚ್, ಬೆಳಗಾವಿ

ಬಣ್ಣದ ಮಾತು ಆಮ್ಯಾಲ ಆಡೋಣ್ರಿ. ನೆಗ್ಗಿದ್ದು ಹಿಂಜ್ ಹತ್ರ ಅಂದ್ರಲ್ಲ, ಮೊದಲು ನೋಡಬೇಕಾದ್ದು ಅದನ್ನ.

ಬಾಳ ಮಾಡೆಲ್‌ಗಳಾಗ ಹಿಂಜ್ ಸ್ಕ್ರೂ ಕುಂದರೋದು ಪ್ಲಾಸ್ಟಿಕ್ ಒಳಗ ಹುದುಗಿಸಿದ ಸಣ್ಣ ಹಿತ್ತಾಳಿ ನಟ್‌ನಾಗ. ಪೆಟ್ಟು ಬಿದ್ದಾಗ ಆ ನಟ್ ಸುತ್ತಲಿನ ಪ್ಲಾಸ್ಟಿಕ್ ಸಣ್ಣಗೆ ಬಿರುಕು ಬಿಡ್ತೈತಿ, ಹೊರಗ ಏನೂ ಕಾಣಂಗಿಲ್ಲ. ಹೊಸ ಹಿಂಜ್ ಬಾಳ ಬಿಗಿ ಇರ್ತೈತಿ. ತಗದು ಮುಚ್ಚಿದಾಗೆಲ್ಲಾ ಆ ನಟ್ ಮ್ಯಾಲ ಎಳತ ಬಿದ್ದು, ಕಡೀಕ ನಟ್ಟೇ ಕಿತ್ತು ಬರ್ತೈತಿ. ಅಷ್ಟೊತ್ತಿಗೆ ಸ್ಕ್ರೀನ್‌ಗೂ ಪೆಟ್ಟು ಆಗಿರ್ತೈತಿ.

ಮನ್ಯಾಗ ಹಿಂಗ ನೋಡ್ರಿ. ಲ್ಯಾಪ್‌ಟಾಪ್ ಮುಚ್ಚಿ ಸಪಾಟ ಗಾಜು ಇಲ್ಲಾ ಗ್ರಾನೈಟ್ ಮ್ಯಾಲ ಇಟ್ಟು ಒಂದೊಂದು ಮೂಲಿ ಒತ್ತ್ರಿ. ಅಲುಗಾಡಿದ್ರ ಕೆಳಗಿನ ಬಾಡಿ ತಿರುಚೈತಿ. ಆಮ್ಯಾಲ ಝೆರಾಕ್ಸ್ ಹಾಳಿ ತುಂಡೊಂದನ್ನ ಎರಡೂ ಹಿಂಜ್ ಹತ್ರ, ಸ್ಕ್ರೀನ್ ಚೌಕಟ್ಟು ಮತ್ತ ಮುಚ್ಚಳದ ನಡುವಿನ ಸಂದ್ಯಾಗ ತೂರಿಸಿ ನೋಡ್ರಿ. ಮುಚ್ಚಳ ನೆಟ್ಟಗ ನಿಂತಾಗ ಒಮ್ಮೆ, ಪೂರಾ ತಗದಾಗ ಒಮ್ಮೆ. ಒಂದ ಕಡೆ ಹಾಳಿ ಹೊಕ್ಕು ಇನ್ನೊಂದ ಕಡೆ ಹೋಗಲಿಲ್ಲಂದ್ರ ಹೊಕ್ಕ ಕಡೆ ಸಂದಿ ಬಿಟ್ಟೈತಿ. ಸ್ಕ್ರೀನ್ ಪೂರಾ ಬಿಳಿ ಮಾಡಿ, ಮುಚ್ಚಳ ಸಾವಕಾಶ ಹಿಂದ ಮುಂದ ಸರಿಸ್ರಿ. ಮಿಣುಕಿದ್ರ ಹಿಂಜ್ ಮಗ್ಗಲಿಂದ ಹೋಗೋ ಡಿಸ್‌ಪ್ಲೇ ಕೇಬಲ್‌ಗೆ ಪೆಟ್ಟಾಗೈತಿ. ಕತ್ತಲ ಕೋಣ್ಯಾಗ ಪೂರಾ ಕರೇ ಚಿತ್ರ ಹಾಕಿ, ಬಲಗಡೆ ಮೂಲ್ಯಾಗ ಮಾತ್ರ ಬೆಳಕು ಉಕ್ಕಿದಂಗ ಕಂಡ್ರ ನೆಗ್ಗು ಒಳಗಿನ ಸ್ಕ್ರೀನ್ ಒತ್ತಾಕತ್ತೈತಿ. ವೈಫೈ ಸಿಗ್ನಲ್ಲೂ ನೋಡ್ರಿ, ಆ್ಯಂಟೆನಾ ವೈರ್ ಬಾಳ ಸಲ ಮುಚ್ಚಳದ ಒಳಗೇ ಇರ್ತೈತಿ. ಎಸ್‌ಎಸ್‌ಡಿ (ಚಿಪ್‌ನಾಗ ಡೇಟಾ ಇಡೋ ಡಿಸ್ಕ್) ಇದ್ರ ಡೇಟಾ ಬಗ್ಗೆ ಅಷ್ಟು ಅಂಜಬ್ಯಾಡ್ರಿ, ತಿರುಗೋ ಭಾಗ ಅದರಾಗ ಇಲ್ಲ.

ಕೆಳಗಿನ ಪ್ಲೇಟ್ ತಿರುವಿ ನೋಡೋದು ಮರೀಬ್ಯಾಡ್ರಿ. ಬ್ಯಾಟರಿ ಇರೋ ಜಾಗದಾಗ ತಗ್ಗು ಬಿದ್ದಿದ್ರ ಚಾರ್ಜ್ ಹಾಕಬ್ಯಾಡ್ರಿ, ಮೊದಲು ತಗಸಿ ತೋರಿಸ್ರಿ. ಒತ್ತಿದ ಲಿಥಿಯಂ ಸೆಲ್ ಒಳಗ ಶಾರ್ಟ್ ಆಗಿ ಉಬ್ಬಬಹುದು, ಬೆಂಕಿನೂ ಹತ್ತಬಹುದು.

ಇದರಾಗ ಯಾವುದೂ ಇಲ್ಲಂದ್ರ ಹಂಗ ಬಿಡ್ರಿ. ಅಂಗಡ್ಯಾಗ ಮುಚ್ಚಳಕ್ಕ ಎ ಪ್ಯಾನೆಲ್ ಅಂತೀವಿ. ಅದನ್ನ ಬದಲಿಸಬೇಕಂದ್ರ ಚೌಕಟ್ಟು ಕೀಳಬೇಕು, ಟೇಪಿನ ಮ್ಯಾಲ ಅಂಟಿಸಿದ ತೆಳ್ಳನ ಸ್ಕ್ರೀನ್ ಎಬ್ಬಿಸಬೇಕು, ಆ್ಯಂಟೆನಾ ವೈರ್ ಮತ್ತೆ ಕೂಡಿಸಬೇಕು. ಛಂದ ಕಾಣ್ಲಿ ಅಂತ ಹೊಸ ಸ್ಕ್ರೀನ್ ಎಬ್ಬಿಸೋದನ್ನ ನಾನು ಒಪ್ಪಂಗಿಲ್ಲ. ಬಡದು, ಪಕ್ಕಡದಾಗ ಹಿಡದು ನೆಗ್ಗು ನೆಟ್ಟಗ ಮಾಡ್ತೀವಿ ಅಂದ್ರ ಕೊಡಲೇಬ್ಯಾಡ್ರಿ. ಲೋಹದ ಹಿಂದೇ ಸ್ಕ್ರೀನ್ ಐತಿ.

ಗುಮ್ಮಟನಾಡು, ವಿಜಯಪುರ

ಗೀರಿನ ಬಗ್ಗೆ ನಾ ಹೇಳ್ತೀನಿ. ಕಡುನೀಲಿ ಅಲ್ಯೂಮಿನಿಯಂ ಅಂದ್ರ ಸಾಮಾನ್ಯವಾಗಿ ಅನೋಡೈಸ್ ಮಾಡಿದ್ದು, ಮ್ಯಾಲ ಬಳಿದ ಪೇಂಟ್ ಅಲ್ಲ. ಆಮ್ಲದ ತೊಟ್ಟಿಯೊಳಗ ಕರೆಂಟ್ ಹಾಯಿಸಿ ಲೋಹದ ಮೇಲ್ಮೈಯನ್ನೇ ಸಣ್ಣ ರಂಧ್ರಗಳ ಆಕ್ಸೈಡ್ ಮಾಡ್ತಾರ, ಆ ರಂಧ್ರದೊಳಗ ಬಣ್ಣ ಇಳಿಸಿ ಮುಚ್ತಾರ. ಈ ಪದರು ಕೆಲವೇ ಮೈಕ್ರಾನ್ ದಪ್ಪ. ಗೀರು ಅದನ್ನ ದಾಟಿದ್ರ ಕೆಳಗಿನ ಬೆಳ್ಳನ ಲೋಹ ಕಾಣಸ್ತದ. ಅದನ್ನ ಮನ್ಯಾಗಾಗಲಿ ಅಂಗಡ್ಯಾಗಾಗಲಿ ಮೊದಲಿನಂಗ ಮಾಡಲಿಕ್ಕೆ ಬರಂಗಿಲ್ಲ.

ಬ್ರಾಸೋದಂಥ ಲೋಹದ ಪಾಲಿಶ್, ಟೂತ್‌ಪೇಸ್ಟ್, ಸ್ಯಾಂಡ್‌ಪೇಪರ್ ಯಾವುದೂ ಬ್ಯಾಡ. ಉಜ್ಜಿದಷ್ಟೂ ಸುತ್ತಲಿನ ಪದರು ತೆಳ್ಳಗಾಗಿ, 4 ಸೆಂ.ಮೀ. ಗೀರು ಅಂಗೈ ಅಗಲದ ಹೊಳಪಿನ ಕಲೆ ಆಗ್ತದ. ಪುಟ್ಟಿ, ಸ್ಪ್ರೇನೂ ಹಂಗೇ: ಅಲ್ಯೂಮಿನಿಯಂ ಮ್ಯಾಲ ಸರಿಯಾದ ಪ್ರೈಮರ್ ಇಲ್ಲದ ಪೇಂಟ್ ಅಂಚಿನಿಂದ ಸುಲಿದು ಬರ್ತದ, ಬಣ್ಣಾನೂ ಕೂಡಂಗಿಲ್ಲ.

ತುಕ್ಕಿನ ಚಿಂತಿ ಬಿಡ್ರಿ. ತೆರೆದ ಅಲ್ಯೂಮಿನಿಯಂ ಗಾಳಿಯೊಳಗ ತಾನೇ ಆಕ್ಸೈಡ್ ಪದರು ಕಟ್ಟಿಕೊಳ್ತದ. ಪೇಂಟ್ ಹೊಡೆದ ಮೆಗ್ನೀಸಿಯಂ ಬಾಡಿ ಆಗಿದ್ರ ಮಾತು ಬೇರೆ, ಅದು ಬೆವರಿನ ಉಪ್ಪಿಗೆ ತಿನ್ನಿಸಿಕೊಳ್ತದ, ಚಕ್ಕೆ ಎದ್ದ ಜಾಗ ಮುಚ್ಚಲೇಬೇಕು.

ಒಂದೇ ಒಂದು ಕಡೆ ಉಜ್ಜಬಹುದು: ನೆಗ್ಗಿದ ಮೂಲ್ಯಾಗ ಲೋಹದ ಮುಳ್ಳು ಎದ್ದು ಕೈಗೆ, ಬ್ಯಾಗಿಗೆ ಗೀರ್ತಿದ್ರ. ಲ್ಯಾಪ್‌ಟಾಪ್ ಪೂರಾ ಆಫ್ ಮಾಡಿ, ಪೋರ್ಟು, ಗಾಳಿ ಕಿಂಡಿ, ಸ್ಕ್ರೀನ್ ಅಂಚು ಟೇಪಿನಿಂದ ಮುಚ್ಚಿ, 600 ನಂಬರ್ ಸ್ಯಾಂಡ್‌ಪೇಪರ್‌ನಿಂದ ಆ ಮುಳ್ಳಷ್ಟೇ ಎರಡು ಮೂರು ಸಲ ಸವರ್ರಿ. ಪುಡಿ ಊದಬ್ಯಾಡ್ರಿ. ಅಲ್ಯೂಮಿನಿಯಂ ಪುಡಿ ಒಳಗ ಹೋದ್ರ ಬೋರ್ಡ್ ಶಾರ್ಟ್ ಆಗಬಹುದು. ಹಸಿ ಬಟ್ಟಿಯಿಂದ ಒರಸಿ ತಗೀರಿ.

ಕೈ ಇಡೋ ಜಾಗದ ಕರೇ ಗುರುತು ಬ್ಯಾಗಿನ ರಬ್ಬರ್ ಅಂಟಿದ್ದೂ ಇರಬಹುದು. ಉಗುರು ಆಡಿಸಿದಾಗ ತಗಲದಿದ್ರ ಪೆನ್ಸಿಲ್ ರಬ್ಬರ್‌ನಿಂದ ಒರಸಿ ನೋಡ್ರಿ. ಹೋಗದಿದ್ರ ಮೈಕ್ರೋಫೈಬರ್ ಬಟ್ಟಿಗೆ ಒಂದೆರಡು ಹನಿ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ, ಮೊದಲು ಕಾಣದ ಮೂಲ್ಯಾಗ ಪರೀಕ್ಷೆ ಮಾಡ್ರಿ. ಮೆತ್ತಗ, ರಬ್ಬರಿನಂಥ ಲೇಪ ಇದ್ರ ಇದು ಬ್ಯಾಡ, ಅಂಟಂಟಾಗ್ತದ. ಥಿನ್ನರ್, ಉಗುರುಬಣ್ಣ ತಗಿಯೋ ಅಸಿಟೋನ್ ಬ್ಯಾಡ, ಬಾಡಿಗೆ ಬಳಸೋ ಎಬಿಎಸ್‌ನಂಥ ಪ್ಲಾಸ್ಟಿಕ್ಕನ್ನೇ ಕರಗಸ್ತಾವ.

ಬೆಳ್ಳಗೆ ಕಾಣೋದು ತಂಗಿಯವ್ರಿಗೆ ಬ್ಯಾಸರ ಆದ್ರ ವಿನೈಲ್ ಸ್ಕಿನ್ ಅಂಟಸ್ರಿ. ಗೀರು ಮುಚ್ತದ, ಆದರ ನೆಗ್ಗು ಮುಚ್ಚಂಗಿಲ್ಲ. ಆ ಮೂಲ್ಯಾಗ ಗುಳ್ಳಿ ಏಳ್ತದ, ಅಲ್ಲಿ ಸ್ವಲ್ಪ ಕತ್ತರಿಸಿ ಬಿಡ್ರಿ.

ಘಟಪ್ರಭಾ_ದಂಡಿ, ಬಾಗಲಕೋಟೆ

ಕರೇ ಗುರುತು ರಬ್ಬರ್‌ಗೇ ಹೋತ್ರಿ. ಕೆಳಗಿನ ಪ್ಲೇಟ್ ಸಪಾಟ ಐತಿ. ಸ್ಕ್ರೀನ್ ಮಿಣುಕಂಗಿಲ್ಲ, ಬೆಳಕೂ ಉಕ್ಕಂಗಿಲ್ಲ. ಆದರ ಪೂರಾ ತಗದಾಗ ಬಲಗಡೆ ಸಂದ್ಯಾಗ ಹಾಳಿ ಹೋಗ್ತೈತಿ, ಎಡಗಡೆ ಹೋಗಂಗಿಲ್ಲ.

ಕುಂದಾನಗರಿ_ಬೆಂಚ್, ಬೆಳಗಾವಿ

ಹಂಗಾದ್ರ ಇದು ಬರೇ ಅಂದದ ಮಾತಾಗಿ ಉಳೀಲಿಲ್ಲ, ಬಿಡಬ್ಯಾಡ್ರಿ. ಚೌಕಟ್ಟಿನ ಕೊಂಡಿ ಬಿಟ್ಟಿರಬಹುದು, ಹಿಂಜ್ ಸ್ಕ್ರೂ ಸಡಿಲಾಗಿರಬಹುದು, ಇಲ್ಲಾ ನಟ್ ಬುಡದಾಗ ಬಿರುಕು ಇರಬಹುದು. ಮೊದಲಿಂದು ಸಸ್ತಾ: ಮೂಲಿಯಿಂದ ಶುರು ಮಾಡಿ ಬೆರಳಿಂದ ಅಂಚಿನುದ್ದಕ್ಕ ಮೆತ್ತಗ ಒತ್ತ್ರಿ, ಟಕ್ ಅಂತ ಕುಂತು ಮತ್ತ ಏಳಲಿಲ್ಲಂದ್ರ ಅಲ್ಲಿಗೆ ಮುಗೀತು. ಒತ್ತೋದು ಪ್ಲಾಸ್ಟಿಕ್ ಮ್ಯಾಲ, ಸ್ಕ್ರೀನ್ ಮ್ಯಾಲ ಅಲ್ಲ.

ಮತ್ತೆ ಎದ್ರ ನೀವು ಬಿಚ್ಚಬ್ಯಾಡ್ರಿ, ಹೊರಗಿನ ಅಂಗಡ್ಯಾಗೂ ಬಿಚ್ಚಸಬ್ಯಾಡ್ರಿ. ಪ್ಲ್ಯಾನ್ ಐತಿ ಅಂದ್ರಲ್ಲ, ಕಂಪನಿ ಸರ್ವಿಸ್ ಸೆಂಟರ್‌ಗೇ ಹೋಗ್ರಿ. ಮಾಮೂಲಿ ವಾರಂಟಿಯಾಗ ಇದನ್ನ ಸಿಐಡಿ ಅಂತ ಬರದು ವಾಪಸ್ ಕಳಸ್ತಾರ, ಗಿರಾಕಿಯಿಂದ ಆದ ಪೆಟ್ಟು ಅಂತ. ಆ್ಯಕ್ಸಿಡೆಂಟಲ್ ಪ್ಲ್ಯಾನ್ ಇರೋದು ಇದಕ್ಕೇ. ಆದರ ಬಾಳ ಪ್ಲ್ಯಾನ್‌ಗಳು ಬರೇ ಗೀರು, ನೆಗ್ಗು ಅಂದ್ರ ಒಪ್ಪಂಗಿಲ್ಲ, ವರ್ಷಕ್ಕ ಇಷ್ಟೇ ಕ್ಲೇಮ್ ಅಂತ ಮಿತಿನೂ ಇರ್ತೈತಿ. ಅದಕ್ಕ ದೂರಿನ್ಯಾಗ "ಬಿದ್ದೈತಿ, ಬಲಗಡೆ ಹಿಂಜ್ ಹತ್ರ ಮುಚ್ಚಳ ತಗದಾಗ ಸಂದಿ ಬಿಡ್ತೈತಿ" ಅಂತ ಇದ್ದದ್ದು ಇದ್ದಂಗ ಬರಸ್ರಿ. ಬಿದ್ದಿದ್ದನ್ನ ಮುಚ್ಚಿಡಬ್ಯಾಡ್ರಿ. ತಿಳಿಸೋ ಗಡುವು ಇರ್ತೈತಿ, ಇವತ್ತೇ ಕಾಲ್ ಮಾಡಿ ಕಂಪ್ಲೇಂಟ್ ನಂಬರ್ ತಗೋರಿ. ಹಾಳಿ ಹೊಕ್ಕ ಫೋಟೋ, ತಗಿಯೋವಾಗ ಸಂದಿ ಬಿಡೋ ವಿಡಿಯೋ ಇಟ್ಟುಕೊಳ್ರಿ. ಕೊಡೋ ಮೊದಲು ಡೇಟಾ ಬ್ಯಾಕಪ್ ಮಾಡಿ, ಜಾಬ್‌ಶೀಟ್ ಮ್ಯಾಲ "ಸ್ಕ್ರೀನ್ ಸರಿ ಐತಿ" ಅಂತ ಬರೆಸಿಕೊಳ್ರಿ.

ಅಲ್ಲೀತನಕ ಮೂಲಿ ಹಿಡದು ತಗೀಬ್ಯಾಡ ಅಂತ ತಂಗಿಗೆ ಹೇಳ್ರಿ. ಮುಚ್ಚಳದ ಮ್ಯಾಲಿನ ಅಂಚಿನ ನಡುಮಧ್ಯ ಹಿಡದು ಸಾವಕಾಶ ತಗೀಲಿ, ಪೂರಾ ಹಿಂದಕ್ಕ ಬಾಗಿಸೋದು ಬ್ಯಾಡ. ಫೆವಿಕ್ವಿಕ್ ಯಾರೇ ಹೇಳಿದ್ರೂ ಹಾಕಬ್ಯಾಡ್ರಿ. ಪೆಡಸಾಗಿ ಒಡೀತೈತಿ, ಅದರ ಹೊಗಿ ಸುತ್ತಲೂ ಬೆಳ್ಳಗೆ ಕುಂದರ್ತೈತಿ, ಹರದು ಹಿಂಜ್ ಒಳಗ ಹೋದ್ರ ಹಿಂಜೇ ಹಿಡಕೊಳ್ತೈತಿ. ವಾಪಸ್ ಬಂದಾಗ ಕೌಂಟರ್ ಮುಂದೇ ಹಾಳಿ ತೂರಿಸಿ ನೋಡಿ, ಆಮ್ಯಾಲ ಸಹಿ ಮಾಡ್ರಿ.