ನೆಟ್‌ವರ್ಕ್ ಕಾರ್ಡಿಗೆ ಗೂಢಲಿಪೀಕರಣ ವಹಿಸುವುದು ಎಷ್ಟು ಸುರಕ್ಷಿತ?

ಪ್ರಶ್ನೆ (ತುಮಕೂರು): ಇಲ್ಲಿನ ಮಂಡಿ ವರ್ತಕರ ಲೆಕ್ಕಪತ್ರಗಳನ್ನು ಕ್ಲೌಡ್‌ನಲ್ಲಿ ನಿರ್ವಹಿಸುವ ನಮ್ಮ ಸರ್ವರ್‌ಗಳಲ್ಲಿ ಟಿಎಲ್‌ಎಸ್ (ಜಾಲದಲ್ಲಿ ಸಾಗುವ ದತ್ತಾಂಶವನ್ನು ಕಾಯುವ ಪದ್ಧತಿ) ಗೂಢಲಿಪೀಕರಣವೇ ಸಿಪಿಯುವಿನ ದೊಡ್ಡ ಪಾಲನ್ನು ನುಂಗುತ್ತಿದೆ. ಈ ಕೆಲಸವನ್ನು ನೆಟ್‌ವರ್ಕ್ ಕಾರ್ಡಿಗೆ ವಹಿಸಿದರೆ ಕೀಲಿಗಳ ಗತಿಯೇನು?

ಉತ್ತರ 1 (ಕೋಲಾರ): ಹ್ಯಾಂಡ್‌ಶೇಕ್ (ಸಂಪರ್ಕದ ಆರಂಭದಲ್ಲಿ ಎರಡೂ ಕಡೆ ಕೀಲಿ ನಿರ್ಧರಿಸಿಕೊಳ್ಳುವ ಹಂತ) ಮತ್ತು ಸರ್ವರ್‌ನ ಗುರುತನ್ನು ಸಾಬೀತುಪಡಿಸುವ ಪ್ರಮಾಣಪತ್ರದ ಖಾಸಗಿ ಕೀಲಿ ಸರ್ವರ್‌ನಲ್ಲೇ ಉಳಿಯುತ್ತವೆ. 2018ರ ಲಿನಕ್ಸ್ 4.18ರಲ್ಲಿ ಸೇರ್ಪಡೆಯಾದ ಈ ಸೌಲಭ್ಯದಲ್ಲಿ, ಆಯಾ ಸಂಪರ್ಕದ ಸೆಷನ್ ಕೀಲಿ ಮಾತ್ರ ಕಾರ್ಡಿಗೆ ಹೋಗುತ್ತದೆ. ಕಾರ್ಡು ಎಇಎಸ್-ಜಿಸಿಎಂ ಎಂಬ ಗೂಢಲಿಪೀಕರಣ ವಿಧಾನದ ಲೆಕ್ಕವನ್ನಷ್ಟೇ ಮಾಡುತ್ತದೆ. ಪ್ಯಾಕೆಟ್ ಕಳೆದುಹೋಗಿ ಮತ್ತೆ ಕಳುಹಿಸಬೇಕಾದಾಗ ಚಾಲಕ ತಂತ್ರಾಂಶವು ಕಾರ್ಡಿನ ಸ್ಥಿತಿಯನ್ನು ಪುನಃ ಹೊಂದಿಸಬೇಕಾಗುತ್ತದೆ. ಹಾಗಾಗಿ ಪ್ಯಾಕೆಟ್‌ಗಳು ಆಗಾಗ ಕಳೆದುಹೋಗುವ ಜಾಲದಲ್ಲಿ ಲಾಭ ಕುಗ್ಗುತ್ತದೆ.

ಉತ್ತರ 2: ಸರ್ವರ್‌ನಿಂದ ಕಾರ್ಡಿನವರೆಗೆ ದತ್ತಾಂಶ ಬಯಲಾಗಿಯೇ ಸಾಗುತ್ತದೆ ಎಂಬುದು ನನಗೆ ಹೆಚ್ಚಿನ ಆತಂಕದ ವಿಷಯ. ಫರ್ಮ್‌ವೇರ್‌ನ (ಕಾರ್ಡಿನೊಳಗಿನ ತಂತ್ರಾಂಶದ) ಸಹಿಯನ್ನು ಪರಿಶೀಲಿಸದ ಕಾರ್ಡನ್ನು ದಯವಿಟ್ಟು ಬಳಸಬೇಡಿ.

ಉತ್ತರ 3 (ಚಿಕ್ಕಬಳ್ಳಾಪುರ): ಅದಕ್ಕೂ ಮೊದಲು, ನಿಮ್ಮ ವರ್ಚುವಲ್ ಯಂತ್ರಕ್ಕೆ ಸಿಪಿಯುವಿನ ಎಇಎಸ್ ಸೂಚನೆಗಳು (ಗೂಢಲಿಪೀಕರಣವನ್ನು ಸಿಪಿಯುವಿನಲ್ಲೇ ವೇಗಗೊಳಿಸುವ ಆದೇಶಗಳು) ದೊರೆಯುತ್ತಿವೆಯೇ ಎಂದು ನೋಡಿ.