ಮಾನಕುವಿನ ಗೀತಗೋವಿಂದ ನಕಲು: ಹಳದಿ ಬಿರುಕು, ನೀಲಿ ಉದುರು

ಕುಂಚಕಲಾ: ಪಹಾಡಿ (ಹಿಮಾಲಯದ ತಪ್ಪಲಿನ) ಚಿತ್ರಕಾರ ಮಾನಕು ಬರೆದ 1730ರ ‘ಬಸೋಹ್ಲಿ’ ಗೀತಗೋವಿಂದ ಚಿತ್ರಮಾಲೆಯ ಒಂದು ಪುಟವನ್ನು ನಕಲು ಮಾಡಿದೆ. ಹಿನ್ನೆಲೆಯ ಹಳದಿಯಲ್ಲಿ ಕೂದಲೆಳೆ ಬಿರುಕು. ಕೃಷ್ಣನ ಮೈಯ ನೀಲಿ ಬೆರಳಿಗೆ ಹತ್ತುತ್ತದೆ. ಎರಡಕ್ಕೂ ಒಂದೇ ಅಳತೆಯ ಗೋಂದು ಹಾಕಿದೆ. ಎಲ್ಲಿ ತಪ್ಪು?

ಅರಿದಾಳ: ಒಂದೇ ಅಳತೆಯೇ ತಪ್ಪು. ನೀಲಿ ಹಗುರ, ಗೋಂದು ಜಾಸ್ತಿ ಕುಡಿಯುತ್ತದೆ. ಭಾರದ ಬಣ್ಣಗಳಿಗೆ ಕಡಿಮೆ ಸಾಕು, ಹೆಚ್ಚಾದರೆ ಬಿರುಕು. ಹಾಳೆಯ ಅಂಚಲ್ಲಿ ಒಂದು ಗೆರೆ ಎಳೆದು, ಒಣಗಿಸಿ, ಉಜ್ಜಿ. ಬೆರಳಿಗೆ ಹತ್ತಿದರೆ ಗೋಂದು ಸಾಲದು, ಮಿಂಚಿದರೆ ಹೆಚ್ಚಾಯ್ತು. (ಅಂದಹಾಗೆ ಈ ಚಿತ್ರಗಳಿಗೆ ಬಸೋಹ್ಲಿ ಊರಿನ ಹೆಸರು ಹಳೇ ರೂಢಿ. ಮಾನಕು ಗುಲೇರ್ ಎಂಬ ಬೇರೆ ಪಹಾಡಿ ಊರಿನವನು, ಚಿತ್ರಕಾರ ನೈನಸುಖನ ಅಣ್ಣ.)

ಪಟವಾಳ: ಎಲ್ಲಾ ಗೋಂದಿನ ತಲೆಗೇ ಕಟ್ಟಬೇಡಿ ಸರ್. ಹಳದಿಯನ್ನು ಒಂದೇ ಸಲ ದಪ್ಪಗೆ ಬಳಿದಿದ್ದರೂ ಬಿರುಕೇ. ತೆಳ್ಳಗೆ ಮೂರು ನಾಲ್ಕು ಪದರ ಕೊಡಿ. ಪ್ರತಿ ಪದರ ಒಣಗಿದ ಮೇಲೆ ಚಿತ್ರವನ್ನು ಅಮೃತಶಿಲೆಯ ಮೇಲೆ ಬೋರಲು ಹಾಕಿ, ಬೆನ್ನಿನ ಕಡೆಯಿಂದ ನುಣುಪಾದ ಅಕೀಕು (ಅಗೇಟ್) ಕಲ್ಲಲ್ಲಿ ಉಜ್ಜಬೇಕು. ಹಾಳೆಯನ್ನೂ ನೋಡಿ: ವಸ್ಲಿ ಅಂದರೆ ಮೂರು ನಾಲ್ಕು ಕಾಗದ ಮೈದಾ ಅಂಟಿನಲ್ಲಿ ಒಂದಾಗಿಸಿದ್ದು. ಅಂಟಿಗೆ ಹುಳ ಬೀಳದಂತೆ ಚೂರು ಮೈಲುತುತ್ತ ಹಾಕುತ್ತಾರೆ. ಭಾರ ಹೇರದೆ ಒಣಗಿಸಿದರೆ ಹಾಳೆ ಬಾಗುತ್ತದೆ, ಬಾಗಿದ ಕಡೆ ಬಣ್ಣ ಸೀಳುತ್ತದೆ.

ಅರಿದಾಳ: ಒಪ್ಪಿದೆ. ಆದರೆ ಗೋಂದು ಹೆಚ್ಚಾದದ್ದನ್ನು ಯಾವ ಅಕೀಕೂ ಸರಿಮಾಡದು.

ಕುಂಚಕಲಾ: ಪೀತಾಂಬರಕ್ಕೆ ಅರಿದಾಳವೆಂಬ ಹಳದಿ ಖನಿಜವನ್ನೂ ಸಫೇದವೆಂಬ ಬಿಳಿಯನ್ನೂ ಬೆರೆಸಲೇ?

ಅರಿದಾಳ: ಬೇಡವೇ ಬೇಡ. ನನ್ನ ಹೆಸರೇ ಅದಾದರೂ ಹೇಳುತ್ತೇನೆ! ಅದರಲ್ಲಿ ಗಂಧಕವಿದೆ, ಸೀಸದ ಸಫೇದವನ್ನೂ ತಾಮ್ರದ ಹಸಿರಾದ ಜಂಗಾಲನ್ನೂ ಕಾಲಕ್ರಮೇಣ ಕಪ್ಪಾಗಿಸುತ್ತದೆ. ಜೊತೆಗೆ ಆರ್ಸೆನಿಕ್. ಅರೆಯುವಾಗ ಧೂಳು ಒಳಗೆ ಹೋದರೆ ವಿಷ.

ಪಟವಾಳ: ಪಹಾಡಿ ಚಿತ್ರಕಾರರು ಹಳದಿಗೆ ಪಿಯೂರಿಯನ್ನು ಬಳಸುತ್ತಿದ್ದರಲ್ಲ, ಮಾವಿನೆಲೆ ಮೇಯ್ದ ಹಸುವಿನ ಗಂಜಲದ್ದು ಎನ್ನುವ ಬಣ್ಣ. ಈಗ ಅದು ಸಿಗದು. ಒಳ್ಳೇ ಗ್ವಾಶ್ (ಅಪಾರದರ್ಶಕ ಜಲವರ್ಣ) ಹಳದಿ ಹಾಕಿ, ಮುಗೀತು. ದೇವರ ಚಿತ್ರಕ್ಕೆ ಖನಿಜ ಬಣ್ಣವೇ ಆಗಬೇಕೆನ್ನುವುದು ಹಠ.

ಗೆರೆಗಾರ: ಆಭರಣಕ್ಕೆ ಮೈಸೂರು ಶೈಲಿಯಂತೆ ಗೆಸ್ಸೊ ಎಂಬ ಗಟ್ಟಿ ಲೇಪ ಉಬ್ಬಿಸಿ ಚಿನ್ನದ ರೇಕು ಹಚ್ಚಿದರೆ?

ಪಟವಾಳ: ಅದು ಆ ಮನೆತನದ್ದು, ಇಲ್ಲಿ ಸಲ್ಲದು ಮಾರಾಯ್ರೇ. ಇಲ್ಲಿ ಮುತ್ತೆಂದರೆ ಕುಂಚದ ತುದಿಯಿಂದ ಇಳಿಸಿದ ಗಟ್ಟಿ ಬಿಳಿ ಹನಿ. ಪಚ್ಚೆಯ ಜಾಗಕ್ಕೆ ಜೀರುಂಡೆಯ ಹಸಿರು ರೆಕ್ಕೆಯ ತುಣುಕು. ಎರಡನ್ನೂ ಕೊನೆಯ ಉಜ್ಜಾಟ ಮುಗಿದ ಮೇಲೆಯೇ ಇಡಿ. ಮೊದಲೇ ಇಟ್ಟು ಬೋರಲು ಹಾಕಿದರೆ ರಾಧೆಯ ಸರವೆಲ್ಲ ಕಲ್ಲಿನಡಿ ಚಪ್ಪಟೆ.