ಲವಂಗದ ಎಣ್ಣೆಯ ಎನ್‌ಎಂಆರ್‌ನಲ್ಲಿ (ಅಣುವಿನ ಹೈಡ್ರೋಜನ್‌ಗಳನ್ನು ತೋರಿಸುವ ಪರೀಕ್ಷೆ) 2.3 ಪಿಪಿಎಂ ಹತ್ತಿರ ಪುಟ್ಟ ಪೀಕ್. ಇದು ಯುಜಿನಾಲ್ (ಲವಂಗದ ಎಣ್ಣೆಯ ಮುಖ್ಯ ವಸ್ತು) ಹೌದಾ?

ಎಂಎಸ್ಸಿ_ಲ್ಯಾಬ್:
ಎಲ್ಲರಿಗೂ ನಮಸ್ಕಾರ. ಪ್ರಾಜೆಕ್ಟ್‌ಗೆ ಲವಂಗ ಜಜ್ಜಿ ಸ್ಟೀಮ್ ಡಿಸ್ಟಿಲೇಶನ್ ಮಾಡಿದೆ. ತಿಳಿ ಹಳದಿ ಎಣ್ಣೆ ಸಿಕ್ಕಿತು. ಮಾಸ್‌ನಲ್ಲಿ (ಅಣುವಿನ ತೂಕ ನೋಡುವ ಪರೀಕ್ಷೆ) 164 ಎದ್ದು ಕಾಣುತ್ತದೆ, ಜೊತೆಗೆ 149. ಐಆರ್‌ನಲ್ಲಿ (ಅಣುವಿನಲ್ಲಿರುವ ಗುಂಪುಗಳನ್ನು ತೋರಿಸುವ ಪರೀಕ್ಷೆ) 3500ರ ಸುತ್ತ ಅಗಲವಾದ ಓಎಚ್, ಆಮೇಲೆ 1638, 1514. ಯುಜಿನಾಲ್ ಅಂತ ಬರೆದುಬಿಡೋಣ ಅಂದುಕೊಂಡೆ. ಆದರೆ ಐಆರ್‌ನಲ್ಲಿ 1765ರ ಹತ್ತಿರ ಸಣ್ಣ ಪೀಕ್ ಇದೆ. ಎನ್‌ಎಂಆರ್‌ನಲ್ಲಿ 2.3ಕ್ಕೆ ಪುಟ್ಟ ಸಿಂಗ್ಲೆಟ್ (ಸೀಳದ ಒಂಟಿ ಪೀಕ್), 1ರ ಹತ್ತಿರ ಒಂದಷ್ಟು ಚಿಲ್ಲರೆ ಪೀಕ್‌ಗಳು. ಯುಜಿನಾಲ್‌ನಲ್ಲಿ 1765ರ ಹತ್ತಿರ ಪೀಕ್ ಕೊಡುವ ಕಾರ್ಬೊನಿಲ್ (C=O) ಗುಂಪೇ ಇಲ್ಲ ಅಲ್ವಾ? ಇನ್ನೊಂದು ವಿಷಯ, ಐಸೋಯುಜಿನಾಲ್‌ಗೂ (ಡಬಲ್ ಬಾಂಡ್‌ನ ಜಾಗ ಮಾತ್ರ ಬೇರೆ ಇರುವ ಅಣು) ಮಾಸ್ 164. ವೈವಾದಲ್ಲಿ ಕೇಳಿದರೆ ಏನು ಹೇಳಲಿ?

ಹಳೇ_ಕ್ಯೂಸಿ:
ಗಾಬರಿ ಬೇಡಮ್ಮ. ನಿನ್ನ ಎಣ್ಣೆ ಒಂದೇ ವಸ್ತು ಅಲ್ಲ, ಅಷ್ಟೇ. ಲವಂಗದಲ್ಲಿ ಯುಜಿನಾಲ್ ಜೊತೆಗೆ ಯುಜಿನೈಲ್ ಅಸಿಟೇಟ್, ಕ್ಯಾರಿಯೋಫಿಲೀನ್ ಎರಡೂ ಇರುತ್ತವೆ. 1765 ಆ ಅಸಿಟೇಟ್‌ನ ಕಾರ್ಬೊನಿಲ್. 2.3 ಅದರದೇ ಮಿಥೈಲ್. 1ರ ಹತ್ತಿರದ ಚಿಲ್ಲರೆ ಬಹುತೇಕ ಕ್ಯಾರಿಯೋಫಿಲೀನ್.

ಮಾಸ್ ಯಾಕೆ ಹೇಳಲಿಲ್ಲ ಅಂದರೆ, ಅಸಿಟೇಟ್‌ನ ತೂಕ 206. ಅದು ಉಪಕರಣದೊಳಗೆ 42 ಕಳೆದುಕೊಂಡು ತಾನೂ 164 ಕೊಡುತ್ತದೆ. 206 ತೀರಾ ಸಣ್ಣದಾಗಿ ನಿಂತಿರುತ್ತದೆ, ಹಿಗ್ಗಿಸಿ ನೋಡು. ಬರೀ ಮಾಸ್ ನಂಬಿ ಸಹಿ ಹಾಕಬಾರದು ಅಂತ ನಾನು ಹೊಸಬರಿಗೆಲ್ಲ ಹೇಳುತ್ತಿದ್ದೆ. ಕೇಳಿದವರು ಕಡಿಮೆ ಬಿಡಿ.

ಎಷ್ಟಿದೆ ಅಂತ ಬೇಕಾದರೆ, 3.8 ಸುತ್ತಲಿನ ಮಿಥಾಕ್ಸಿ (OCH3) ಪೀಕ್‌ಗಳ ಇಂಟಿಗ್ರಲ್ (ಪೀಕ್‌ನ ವಿಸ್ತೀರ್ಣ) ಒಟ್ಟು 3 ಅಂತ ಇಟ್ಟುಕೋ. 2.3ರದು 0.3 ಬಂದರೆ, ಯುಜಿನಾಲ್-ಅಸಿಟೇಟ್ ಜೋಡಿಯಲ್ಲಿ ಹತ್ತರಲ್ಲಿ ಒಂದು ಪಾಲು ಅಸಿಟೇಟ್.

ಬೇರೆ ಮಾಡೋದೂ ಸುಲಭ. ಎಣ್ಣೆಯನ್ನು ಹೆಕ್ಸೇನ್‌ನಲ್ಲಿ ಕರಗಿಸಿ ತಣ್ಣನೆಯ, ತೆಳು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಅಲ್ಲಾಡಿಸು. ಯುಜಿನಾಲ್ ಫೀನಾಲ್, ಅಂದರೆ ದುರ್ಬಲ ಆಮ್ಲ, ಆದ್ದರಿಂದ ನೀರಿಗೆ ಇಳಿಯುತ್ತದೆ. ಉಳಿದ ಎರಡೂ ಮೇಲೇ ಉಳಿಯುತ್ತವೆ. ನೀರಿನ ಭಾಗಕ್ಕೆ ಆಸಿಡ್ ಹಾಕಿ ಮತ್ತೆ ತೆಗೆದುಕೋ. ಜಾಸ್ತಿ ಹೊತ್ತು ಬಿಡಬೇಡ, ಅಸಿಟೇಟೂ ಒಡೆದು ಯುಜಿನಾಲ್ ಆಗಿಬಿಡುತ್ತದೆ.

ಪಿಪಿಎಂ_ಪ್ರಿಯ:
ಐಸೋಯುಜಿನಾಲ್ ಪ್ರಶ್ನೆಗೆ: 3.3ರಲ್ಲಿ 2 ಪ್ರೋಟಾನ್ (ಹೈಡ್ರೋಜನ್) ಡಬ್ಲೆಟ್ (ಎರಡಾಗಿ ಸೀಳಿದ ಪೀಕ್), 5.1ರ ಹತ್ತಿರ 2, 5.95ರಲ್ಲಿ 1. ಇಷ್ಟಿದ್ದರೆ ಅಲೈಲ್, ಅಂದರೆ ಯುಜಿನಾಲ್. ಐಸೋ ಆಗಿದ್ದರೆ 3.3 ಇರಲ್ಲ, 1.9ರ ಹತ್ತಿರ 3 ಪ್ರೋಟಾನ್ ಡಬ್ಲೆಟ್ ಬರಬೇಕು. ಆಲ್ಕೀನ್ ಪೀಕ್‌ಗಳೂ 6ರ ಆಚೆಗೆ ಹೋಗುತ್ತವೆ. 5.5ರ ಸಿಂಗ್ಲೆಟ್ ಓಎಚ್ ಹೌದೋ ಅಲ್ಲವೋ ಅಂತ ಅನುಮಾನ ಇದ್ದರೆ ಟ್ಯೂಬಿಗೆ ಒಂದು ಹನಿ ಭಾರಜಲ ಹಾಕಿ ಕುಲುಕಿ, ಮಾಯವಾಗುತ್ತದೆ.

ಎಂಎಸ್ಸಿ_ಲ್ಯಾಬ್:
3.3 ಇದೆ! 1.9ರಲ್ಲಿ ಏನೂ ಇಲ್ಲ. ಥ್ಯಾಂಕ್ಸ್ ಸರ್, ಇಬ್ಬರಿಗೂ. ಆದರೆ ಈಗ ಇನ್ನೊಂದು ಚಿಂತೆ. ಓಎಚ್ ಮತ್ತು ಮಿಥಾಕ್ಸಿ ಜಾಗ ಅದಲುಬದಲು ಆದರೂ ಇವೇ ಪೀಕ್‌ಗಳು ಬರ್ತವಲ್ಲ?

ಹಳೇ_ಕ್ಯೂಸಿ:
ಭೇಷ್, ಇದು ಸರಿಯಾದ ಪ್ರಶ್ನೆ. ಅದಲುಬದಲಾದರೆ ಅದು ಚಾವಿಬೆಟಾಲ್, ವೀಳ್ಯದೆಲೆ ಎಣ್ಣೆಯಲ್ಲಿ ಸಿಗುವಂಥದ್ದು. ಇದಕ್ಕೆ ಎನ್‌ಓಇ (ಹತ್ತಿರ ಕೂತ ಪ್ರೋಟಾನ್‌ಗಳನ್ನು ಹುಡುಕುವ ಎನ್‌ಎಂಆರ್ ಪ್ರಯೋಗ) ಮಾಡಿಸು. ಮಿಥಾಕ್ಸಿಯನ್ನು ಕೆಣಕಿದರೆ ಜಾಗದಲ್ಲಿ ಅದರ ಪಕ್ಕ ಕೂತ ಪ್ರೋಟಾನ್ ಮಾತ್ರ ಓಗೊಡುತ್ತದೆ. ಯುಜಿನಾಲ್‌ನಲ್ಲಿ ಓಗೊಡುವುದು 6.7ರ ಗುಂಪು. 6.85ರ 8 ಹರ್ಟ್ಸ್ ಡಬ್ಲೆಟ್ ಸುಮ್ನೆ ಇರುತ್ತದೆ, ಅದರ ಪಕ್ಕ ಇರೋದು ಓಎಚ್. ಚಾವಿಬೆಟಾಲ್‌ನಲ್ಲಿ ಉಲ್ಟಾ, 8 ಹರ್ಟ್ಸ್ ಡಬ್ಲೆಟ್ಟೇ ಎದ್ದೇಳುತ್ತದೆ. ಮೊದಲು ಸೋಡಾದಲ್ಲಿ ತೊಳೆದು ಶುದ್ಧ ಮಾಡಿಕೊಂಡು ಆಮೇಲೆ ಸ್ಯಾಂಪಲ್ ಕಳಿಸು. ಅಸಿಟೇಟ್‌ನ ಮಿಥಾಕ್ಸಿ 3.82ರಲ್ಲಿ, ನಿನ್ನ 3.87ಕ್ಕೆ ಅಂಟಿಕೊಂಡೇ ಇರುತ್ತದೆ. ಒಂದನ್ನು ಮುಟ್ಟಲು ಹೋದರೆ ಇನ್ನೊಂದಕ್ಕೂ ತಗಲುತ್ತದೆ.